ಹುಣಸೆ ಕಾಲಕ್ಕೆ ಖಾಲಿಯಾದ ಅಂಗನವಾಡಿ: ಮಧುಗಿರಿ ಕಡೆಯ ಒಂದು ಪ್ರಕರಣ

2025ರ ಮಾರ್ಚ್ 10, ಸೋಮವಾರ. ಬೆಳಿಗ್ಗೆ ಹತ್ತೂಕಾಲು. ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿಯ ಅಂಗನವಾಡಿ. ಚಾಪೆ ಹಾಸಿದೆ. ಬೋರ್ಡಿನ ಮೇಲೆ ತಾರೀಖು ಬರೆದಿದೆ. ಒಳಗೆ ಸಹಾಯಕಿ ಒಲೆ ಹಚ್ಚಿದ್ದಾರೆ. ಮಕ್ಕಳು ಮಾತ್ರ ಎಂಟೇ ಎಂಟು. ದಾಖಲಾತಿ ಪುಸ್ತಕದಲ್ಲಿ ಇರುವುದು ಇಪ್ಪತ್ಮೂರು.

"ಯಾವುದಾದ್ರೂ ಜಾತ್ರೆನಾ?" ಅಂತ ಕೇಳಿದೆ.

"ಜಾತ್ರೆ ಆಗಿದ್ರೆ ಎರಡು ದಿನ. ಶಿವರಾತ್ರಿ ಕಳೆದ ಮೇಲಿಂದ ಹಿಂಗೇ" ಅಂದರು ಟೀಚರ್. ಸೂಪರ್‌ವೈಸರ್ ಹತ್ತಿರ ಎರಡು ಸಲ ಮಾತು ಕೇಳಿಸಿಕೊಂಡ ಬೇಜಾರು ದನಿಯಲ್ಲೇ ಗೊತ್ತಾಗುತ್ತಿತ್ತು.

ನಾನು ಅಲ್ಲಿಗೆ ಹೋಗುವುದು ಶಾಲಾಪೂರ್ವ ಕಲಿಕೆಯ ಕೆಲಸಕ್ಕೆ. ತಿಂಗಳಿಗೆ ಮೂರ್ನಾಲ್ಕು ದಿನ ಕೂತು ನೋಡುವುದು, ಟೀಚರ್ ಜೊತೆ ಆಟಪಾಠ ಯೋಚಿಸುವುದು. ಮಕ್ಕಳು ನನಗೆ ಇಟ್ಟ ಹೆಸರು 'ಬ್ಯಾಗ್ ಆಂಟಿ'. ಆ ತಿಂಗಳು ನನ್ನ ಬ್ಯಾಗಿನಲ್ಲಿ ಇದ್ದದ್ದು 'ವಸಂತ ಋತು' ಅನ್ನುವ ಪಾಠದ ಚಾರ್ಟು, ಬಣ್ಣದ ಕಾಗದ, ಚಿಟ್ಟೆ ಮಾಡುವ ಸಾಮಾನು. ಅದರಲ್ಲಿ ಒಂದನ್ನೂ ಬಳಸಲಿಲ್ಲ. ಯಾಕೆ ಬಳಸಲಿಲ್ಲ ಅನ್ನುವುದೇ ಈ ಪ್ರಕರಣ.

ಮೊದಲು ನಾವು ಅಂದುಕೊಂಡದ್ದು

ಅಂಗನವಾಡಿ ಅಂದರೆ ಊಟ ಹಾಕುವ ಜಾಗ ಅಂತ ಎಷ್ಟೋ ಜನಕ್ಕೆ ಇನ್ನೂ ಅನಿಸಿಕೆ. 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಿಂದ ಇದ್ದದ್ದು ತಿ. ನರಸೀಪುರ. ಆಗಿನಿಂದಲೂ ಊಟ, ಲಸಿಕೆ, ಆರೋಗ್ಯ ತಪಾಸಣೆ ಇವುಗಳ ಜೊತೆಗೆ ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆ ಕೂಡ ಅದರ ಕೆಲಸವೇ. ಆದರೆ ಟೀಚರ್ ಒಬ್ಬರೇ. ತೂಕ ನೋಡಬೇಕು, ಮೊಬೈಲಿನಲ್ಲಿ ತುಂಬಬೇಕು, ಗರ್ಭಿಣಿಯರ ಲೆಕ್ಕ ಬರೆಯಬೇಕು, ಮಧ್ಯದಲ್ಲಿ ಹಾಡು ಹೇಳಿಕೊಡಬೇಕು. ಇಷ್ಟರ ನಡುವೆ ಮಕ್ಕಳು ಬರದಿದ್ದರೆ 'ತಾಯಂದಿರಿಗೆ ಜವಾಬ್ದಾರಿ ಇಲ್ಲ' ಅಂದುಬಿಡುವುದು ಸುಲಭ. ಟೀಚರ್ ಹಾಗೇ ಅಂದರು. ನಾನೂ ತಲೆ ಆಡಿಸಿದೆ, ಸುಳ್ಳು ಯಾಕೆ ಹೇಳಲಿ.

ಎರಡನೇ ಊಹೆ ಬಿಸಿಲು. ಹನ್ನೊಂದು ಗಂಟೆಗೇ ನೆಲ ಕಾಯುತ್ತದೆ, ಮಕ್ಕಳನ್ನು ಕಳಿಸುವುದಿಲ್ಲ ಅಂತ. ಬರುತ್ತಿದ್ದ ಎಂಟು ಮಕ್ಕಳಲ್ಲಿ ಐದು ಮಕ್ಕಳ ಮನೆ ಊರಿನ ಆ ತುದಿಯಲ್ಲಿತ್ತು. ಹತ್ತಿರದ ಮನೆಯವರೇ ಬರುತ್ತಿರಲಿಲ್ಲ. ಹಾಗಾಗಿ ಬಿಸಿಲಿನ ವಾದ ಅಲ್ಲಿಗೇ ಬಿತ್ತು.

ಅವತ್ತು ಬಂದಿದ್ದ ಎಂಟು ಮಕ್ಕಳನ್ನೇ ಕೂರಿಸಿಕೊಂಡು ಚಾರ್ಟು ಬಿಡಿಸಿದೆ. ಕೆಂಪು, ಹಳದಿ ಹೂವು. ಹೊರದೇಶದ ಯಾವುದೋ ಹೂವು, ಈ ತಾಲ್ಲೂಕಿನಲ್ಲಿ ಯಾರೂ ನೋಡಿರಲಾರರು. ಮೇಲೆ ಎರಡು ಮೊಲ. "ಇದು ವಸಂತ. ವಸಂತ ಅಂದ್ರೆ ಏನು ಗೊತ್ತಾ?" ಅಂದೆ.

ಮುಂದೆ ಕೂತಿದ್ದ ಹುಡುಗ ಥಟ್ಟನೆ ಹೇಳಿದ: "ನಮ್ಮ ಮಾವ."

ಸಹಾಯಕಿ ಒಳಗಿಂದಲೇ ನಕ್ಕರು. ಅವನ ಮಾವನ ಹೆಸರು ನಿಜಕ್ಕೂ ಅದೇ. ಚಾರ್ಟು ಮಡಚಿದೆ. ಕಿಟಕಿಯಾಚೆ ಹೊಂಗೆ ಮರ ಎಲೆ ಉದುರಿಸಿಕೊಂಡು ಹೊಸ ಎಲೆ ಹೊತ್ತಿತ್ತು. ಹೊಳೆಯುವ ಎಳೇ ಹಸಿರು, ಎಣ್ಣೆ ಹಚ್ಚಿದ ಹಾಗೆ. ಅದನ್ನು ಬಿಟ್ಟು ನಾನು ಮೊಲ ತೋರಿಸುತ್ತಿದ್ದೆ.

ಕಣದಲ್ಲಿ ಸಿಕ್ಕ ಹದಿನಾಲ್ಕು ಮಕ್ಕಳು

ಬುಧವಾರ ಟೀಚರ್ ಜೊತೆ ಮನೆ ಭೇಟಿಗೆ ಹೊರಟೆ. ಮೊದಲ ಮನೆ ಬೀಗ. ಎರಡನೆಯದೂ ಬೀಗ. ಮೂರನೇ ಮನೆಯ ಜಗಲಿಯಲ್ಲಿ ಕೂತಿದ್ದ ತಾತ ಕೋಲು ಎತ್ತಿ ದಿಕ್ಕು ತೋರಿಸಿದರು: "ಎಲ್ಲಾ ಅಲ್ಲವ್ರೆ ಹೋಗಿ, ಮಾರಮ್ಮನ ಗುಡಿ ಹಿಂದೆ."

ಗುಡಿ ಹಿಂದೆ ದೊಡ್ಡ ಕಣ. ರಾಗಿ ಒಕ್ಕಣೆ ಮುಗಿದು ಎಷ್ಟೋ ದಿನ ಆಗಿತ್ತು, ಈಗ ಅಲ್ಲಿ ಹುಣಸೆ. ತಾಡಪಾಲಿನ ಮೇಲೆ ಮೊಣಕಾಲೆತ್ತರ ಹಣ್ಣು ಹರಡಿದ್ದರು. ಹೊಂಗೆ ನೆರಳಿನಲ್ಲಿ ಹದಿನೈದಿಪ್ಪತ್ತು ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬರು ಕೋಲಿನಲ್ಲಿ ಬಡಿದು ಓಡು ಬಿಡಿಸುತ್ತಾರೆ. ಇನ್ನೊಬ್ಬರು ನಾರು ಎಳೆಯುತ್ತಾರೆ. ಮತ್ತೆ ಕೆಲವರು ಕಲ್ಲಿನ ಮೇಲೆ ಹಣ್ಣಿಟ್ಟು ಕಬ್ಬಿಣದ ಸಣ್ಣ ಸುತ್ತಿಗೆಯಲ್ಲಿ ಟಕ್ ಅಂತ ಕುಟ್ಟುತ್ತಾರೆ. ಬೀಜ ಚಿಮ್ಮಿ ಆಚೆ ಬೀಳುತ್ತದೆ, ಹಣ್ಣು ಹೂವಿನ ಥರ ಬಿಚ್ಚಿಕೊಳ್ಳುತ್ತದೆ. ಕೂಲಿ ಕೆಜಿ ಲೆಕ್ಕ. ಟಕ್ ಟಕ್ ಟಕ್ ಅನ್ನುವ ಸದ್ದು ನಿಲ್ಲುವುದೇ ಇಲ್ಲ.

ತುಮಕೂರಿನ ಎಪಿಎಂಸಿಯಲ್ಲಿ ಹುಣಸೆ ವ್ಯಾಪಾರ ಎಷ್ಟು ದೊಡ್ಡದು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮಧುಗಿರಿ, ಕೊರಟಗೆರೆ, ಪಾವಗಡ, ಶಿರಾ ಕಡೆ ಹೊಲದ ಬದುವಿನ ಮರಗಳೇ ಅದಕ್ಕೆ ಮೂಲ. ಮರ ಗುತ್ತಿಗೆಗೆ ಹೋಗುತ್ತದೆ. ಗಂಡಸರು ಹತ್ತಿ ಕೊಂಬೆ ಅಲ್ಲಾಡಿಸುತ್ತಾರೆ. ಉದುರಿದ ಹಣ್ಣು ಊರಿನ ಹೆಂಗಸರ ಕೈಗೆ ಬರುತ್ತದೆ. ಬೋರ್‌ವೆಲ್ ಬತ್ತಿದ ಮನೆಗೆ ಬೇಸಿಗೆಯಲ್ಲಿ ಕೈಗೆ ದುಡ್ಡು ಬರುವ ಕೆಲಸ ಇದೊಂದೇ. ಎರಡು ತಿಂಗಳು, ಜಾಸ್ತಿ ಅಂದರೆ ಎರಡೂವರೆ. ಬಿಟ್ಟರೆ ಹೋಯಿತು.

ನಮ್ಮ ಮಕ್ಕಳು ಅಲ್ಲಿದ್ದರು. ಎಣಿಸಿದೆ, ಹದಿನಾಲ್ಕು.

ಅವರಿಂದ ಯಾರೂ ಕೆಲಸ ಮಾಡಿಸುತ್ತಿರಲಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅವರು ಸುಮ್ನೆ ಇದ್ದರು. ಆದರೆ ಆ 'ಸುಮ್ನೆ' ಅನ್ನುವುದನ್ನು ಒಂದು ಗಂಟೆ ಕೂತು ನೋಡಿದೆ. ಇಬ್ಬರು ಓಡಿನ ಚೂರುಗಳನ್ನು ಸಾಲಾಗಿ ಇಟ್ಟು ರೈಲು ಮಾಡುತ್ತಿದ್ದರು. ಒಬ್ಬಳು ನಾರನ್ನು ಎಳೆದೆಳೆದು ತೆಗೆಯುತ್ತಿದ್ದಳು. ಹೆಬ್ಬೆರಳು, ತೋರುಬೆರಳು ಎರಡನ್ನೇ ಬಳಸಿ, ನಾಲಿಗೆ ಹೊರಗೆ ಹಾಕಿಕೊಂಡು. ಅಂಗನವಾಡಿಯಲ್ಲಿ ಅವಳ ಕೈಗೆ ಬಳಪ ಹಿಡಿಸಲು ಟೀಚರ್ ಜೂನ್‌ನಿಂದ ಒದ್ದಾಡುತ್ತಿದ್ದರು. ಮೂವರು ಬೀಜದ ಗುಡ್ಡೆ ಮಾಡಿ ಅದನ್ನು ಉಫ್ ಅಂತ ಊದುತ್ತಿದ್ದರು. ಚದುರಿದ ಬೀಜವನ್ನು ಪಕ್ಕದ ಬೀಜ ಅಲ್ಲಾಡದ ಹಾಗೆ ತೆಗೆಯಬೇಕು. ಅಲ್ಲಾಡಿತು ಅಂದರೆ ಔಟ್. ನೀವೂ ಆಡಿರುತ್ತೀರಿ, ಅಲ್ವಾ?

ಆಮೇಲೆ ಆ ಪುಟ್ಟಿ. ನಾಲ್ಕು ವರ್ಷ ದಾಟಿದೆ. ಅಂಗನವಾಡಿಗೆ ಸೇರಿ ಒಂಬತ್ತು ತಿಂಗಳು. ಒಂದು ಮಾತು ಆಡಿಲ್ಲ. ಹಾಡು ಹೇಳುವಾಗ ಬಾಯಿ ಬಿಡುವುದಿಲ್ಲ, ಹೆಸರು ಕೇಳಿದರೆ ಲಂಗ ಹಿಂಡುತ್ತಾಳೆ. ಟೀಚರ್ ಪುಸ್ತಕದಲ್ಲಿ 'ಮಾತು ನಿಧಾನ' ಅಂತ ಬರೆದುಕೊಂಡಿದ್ದರು, ಡಾಕ್ಟರಿಗೆ ತೋರಿಸಬೇಕು ಅಂತಲೂ ಯೋಚಿಸಿದ್ದರು. ಅವಳು ಕಣದ ಮಧ್ಯೆ ನಿಂತು ತನಗಿಂತ ದೊಡ್ಡವನೊಬ್ಬನಿಗೆ ಜೋರು ಮಾಡುತ್ತಿದ್ದಳು. ತೆಲುಗಿನಲ್ಲಿ. ನಿರರ್ಗಳವಾಗಿ.

ಟೀಚರ್ ನಿಂತೇಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದ ಮಾತು ಇದು: "ನವೆಂಬರ್‌ನಲ್ಲಿ ಒಂದು ದಿನ ಇವಳು ನನ್ನ ಹತ್ರ ಬಂದು 'ಚಿಂತ' ಅಂದಿದ್ಳು ಮೇಡಂ. ಕಿಟಕಿ ಕಡೆ ಕೈ ತೋರಿಸಿದ್ಳು. ಯಾಕಮ್ಮಾ, ನಿಂಗೇನ್ ಚಿಂತೆ ಅಂತ ನಾನು ತಬ್ಬಿಕೊಂಡೆ. ಆವತ್ತಿಂದ ಬಾಯಿ ಮುಚ್ಚಿದ್ದು."

ಕಿಟಕಿಯಾಚೆ ಇದ್ದದ್ದು ಹುಣಸೆ ಮರ. ತೆಲುಗಿನಲ್ಲಿ ಹುಣಸೆಗೆ 'ಚಿಂತ'.

ಮಧುಗಿರಿ, ಪಾವಗಡದ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಇರುವ ಊರುಗಳು ಬೇಕಾದಷ್ಟಿವೆ. ದೊಡ್ಡವರು ಎರಡರಲ್ಲೂ ಸಲೀಸು. ಹಾಗಾಗಿ ಮೂರು ವರ್ಷದ ಮಗುವಿಗೆ ಒಂದೇ ಭಾಷೆ ಇರುತ್ತದೆ ಅನ್ನುವುದು ಯಾರಿಗೂ ಹೊಳೆಯುವುದೇ ಇಲ್ಲ. ಹೊಸ ಭಾಷೆಯ ನಡುವೆ ಬಿದ್ದ ಮಗು ಕೆಲವು ತಿಂಗಳು ಮಾತೇ ಆಡದೆ ಬರೀ ಕೇಳಿಸಿಕೊಳ್ಳುವುದು ಸಹಜ. ಅದು ಕಾಯಿಲೆ ಅಲ್ಲ. 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮನೆಮಾತಿನಲ್ಲೇ ಶುರು ಮಾಡಿ ಅಂತ ಹೇಳುತ್ತದೆ. ನಾನೇ ಅದರ ಬಗ್ಗೆ ತರಬೇತಿಯಲ್ಲಿ ಮಾತಾಡಿದ್ದೇನೆ. ಎದುರಿಗಿದ್ದ ಮಗುವಿನ ವಿಷಯದಲ್ಲಿ ಮಾತ್ರ ಹೊಳೆದಿರಲಿಲ್ಲ.

ಅಕ್ಕಂದಿರ ಪರೀಕ್ಷೆ

ಮಕ್ಕಳನ್ನು ಯಾಕೆ ಕಳಿಸುತ್ತಿಲ್ಲ ಅಂತ ಕೇಳಿದ್ದಕ್ಕೆ ಬಂದ ಉತ್ತರ ನಮ್ಮ ಎರಡೂ ಊಹೆಗಿಂತ ಸರಳವಾಗಿತ್ತು. ಹಣ್ಣು ಕುಟ್ಟುತ್ತಲೇ ಒಬ್ಬ ಅಜ್ಜಿ ಹೇಳಿದರು: "ಬಿಡೋದೇನೋ ಬಿಡ್ತೀವಿ. ಕರ್ಕಂಡ್ ಬರೋರ್ಯಾರು? ಎದ್ದೋದ್ರೆ ನನ್ ತೂಕ ಹೋಯ್ತು."

ಇಷ್ಟು ದಿನ ಚಿಕ್ಕವರನ್ನು ಬಿಟ್ಟು ಕರೆತರುತ್ತಿದ್ದದ್ದು ಅವರ ಅಕ್ಕಂದಿರು. ಏಳು, ಎಂಟು, ಹತ್ತನೇ ಕ್ಲಾಸಿನ ಹುಡುಗಿಯರು. ಮಾರ್ಚ್ ಅಂದರೆ ಅವರಿಗೆ ಪರೀಕ್ಷೆ. ಎಸ್ಸೆಸ್ಸೆಲ್ಸಿ 21ನೇ ತಾರೀಖಿನಿಂದ. ಒಬ್ಬೊಬ್ಬರದು ಒಂದೊಂದು ಹೊತ್ತು. ಊರಿನ ಇಡೀ ಅಂಗನವಾಡಿ ಆ ಏಳೆಂಟು ಹುಡುಗಿಯರ ಮೇಲೆ ನಡೆಯುತ್ತಿತ್ತು ಅನ್ನುವುದು ಅವರು ಕೈ ಬಿಟ್ಟಾಗಲೇ ನಮಗೆ ತಿಳಿದದ್ದು. ದೂರದ ಐದು ಮಕ್ಕಳು ತಪ್ಪದೆ ಬರುತ್ತಿದ್ದದ್ದಕ್ಕೂ ಕಾರಣ ಸಿಕ್ಕಿತು. ಆ ತುದಿಯಿಂದ ಸಹಾಯಕಿ ದಿನಾ ನಡೆದು ಬರುತ್ತಾರೆ, ದಾರಿಯಲ್ಲಿ ಸಿಕ್ಕವರ ಕೈ ಹಿಡಿದುಕೊಂಡು ಬರುತ್ತಾರೆ.

ಅಜ್ಜಿ ಇನ್ನೂ ಒಂದು ಮಾತು ಸೇರಿಸಿದರು, ಅದು ಸ್ವಲ್ಪ ಚುಚ್ಚಿತು. "ಅಲ್ಲೋಗಿ ಏನ್ ಮಾಡ್ತವೆ? ಇಲ್ಲಾದ್ರೆ ಆಡ್ಕಂಡಿರ್ತವೆ."

ಸಂಜೆ ಟೀಚರ್, ಸಹಾಯಕಿ, ನಾನು ಮೂವರೂ ಕೂತು ಒಂದು ಉಪಾಯ ಮಾಡಿದೆವು. ಬೆಳಿಗ್ಗೆ ಒಂಬತ್ತೂವರೆಗೆ ಟೀಚರ್ ನೇರ ಕಣಕ್ಕೆ. ಅಲ್ಲೇ ಮುಕ್ಕಾಲು ಗಂಟೆ ಮಕ್ಕಳ ಜೊತೆ. ಆಮೇಲೆ ಎಲ್ಲರೂ ಉದ್ದ ಹಗ್ಗ ಹಿಡಿದು ರೈಲಿನ ಹಾಗೆ ಅಂಗನವಾಡಿಗೆ. ಊಟ, ನಿದ್ದೆ ಅಲ್ಲೇ. ಸಂಜೆ ಸಹಾಯಕಿ ಅದೇ ಹಗ್ಗದಲ್ಲಿ ವಾಪಸ್ ಕಣಕ್ಕೆ ತಂದು ಬಿಡುವುದು. ಸೂಪರ್‌ವೈಸರಿಗೆ ಮೊದಲೇ ಫೋನ್ ಮಾಡಿ ತಿಳಿಸಿದೆವು. ಆಕೆ ಒಂದು ಕ್ಷಣ ಸುಮ್ಮನಿದ್ದು, "ಊಟದ ಹೊತ್ತಿಗೆ ಸೆಂಟರ್‌ನಲ್ಲಿ ಇರಬೇಕು, ಅಷ್ಟೇ" ಅಂದರು. ಸಹಾಯಕಿಗೆ ಇದು ಹೆಚ್ಚಿನ ಕೆಲಸ, ಹೆಚ್ಚಿನ ದುಡ್ಡಿಲ್ಲ. ಅವರು ಒಪ್ಪಿದರು. ಒಪ್ಪಿದ್ದನ್ನು ನಾನು ದೊಡ್ಡ ಮನಸ್ಸು ಅಂತ ಬರೆದು ಮುಗಿಸಬಾರದು. ಆ ನಡಿಗೆಗೆ ಯಾರಾದರೂ ಕೂಲಿ ಕೊಡಬೇಕಿತ್ತು.

ಮೂಗಿನೊಳಗೆ ಬೀಜ

ಮಾರ್ಚ್ 17ಕ್ಕೆ ಶುರು. ಮೊದಲ ದಿನ ಹಗ್ಗದಲ್ಲಿ ಹನ್ನೆರಡು ಮಕ್ಕಳು, ಮೂರನೇ ದಿನ ಹದಿನೇಳು. ನನಗೆ ಬಹಳ ಹೆಮ್ಮೆ. ಆ ಹೆಮ್ಮೆಯಲ್ಲೇ ಒಂದು ತಪ್ಪು ಮಾಡಿದೆ.

20ರಂದು ಅಂಗನವಾಡಿಯಲ್ಲಿ ಎಣಿಕೆ ಆಟಕ್ಕೆ ಅಂತ ಪ್ರತಿ ಮಗುವಿಗೂ ಒಂದೊಂದು ಹಿಡಿ ಬೀಜ ಕೊಡಿ ಅಂದೆ. ಟೀಚರ್ ಕೇಳಿದರು, "ಎಲ್ಲರಿಗೂನಾ? ಚಿಕ್ಕವರಿಗೂ?" "ಕಣದಲ್ಲಿ ಆಡ್ತಾರಲ್ಲ, ಏನಾಗಲ್ಲ" ಅಂದೆ. ಕಣದಲ್ಲಿ ಪ್ರತಿ ಮಗುವಿನ ಹತ್ತಿರ ಒಬ್ಬ ಅಜ್ಜಿಯ ಕಣ್ಣಿತ್ತು. ಇಲ್ಲಿ ಹದಿನೇಳು ಮಕ್ಕಳಿಗೆ ನಾವಿಬ್ಬರು. ಅದನ್ನು ಲೆಕ್ಕ ಹಾಕಲಿಲ್ಲ.

ಹನ್ನೊಂದೂಕಾಲರ ಹೊತ್ತಿಗೆ 'ನಮ್ಮ ಮಾವ' ಅಂದಿದ್ದ ಅದೇ ಹುಡುಗ ನನ್ನ ಹತ್ತಿರ ಬಂದು ನಿಂತ. ಅಳುತ್ತಿರಲಿಲ್ಲ. ಬಲಗಡೆ ಮೂಗಿನ ಹೊಳ್ಳೆ ಉಬ್ಬಿತ್ತು. "ಬೀಜ ಮನೆ ಒಳಗೆ ಹೋಯ್ತು" ಅಂದ.

ಸಹಾಯಕಿ ಹೇರ್‌ಪಿನ್ ತರಲು ಹೊರಟರು, ಟೀಚರ್ ಬೇಡ ಅಂತ ತಡೆದರು. ಅವರು ತಡೆದದ್ದು ದೊಡ್ಡ ಉಪಕಾರ. ನುಣ್ಣನೆ ಬೀಜ, ಕೆದಕಿದರೆ ಒಳಕ್ಕೇ ಜಾರುತ್ತದೆ. ಬಿಟ್ಟರೂ ಆಗದು, ಕಾಳು ಬೀಜ ಯಾವುದೇ ಆದರೂ ಒದ್ದೆಗೆ ಉಬ್ಬುತ್ತದೆ. ಅವನ ಅಮ್ಮನನ್ನು ಕಣದಿಂದ ಕರೆಸಿ, ಬೈಕಿನಲ್ಲಿ ಹತ್ತಿರದ ಆರೋಗ್ಯ ಕೇಂದ್ರಕ್ಕೆ. ದಾರಿ ಪೂರ್ತಿ ಆಕೆ ನನ್ನ ಜೊತೆ ಮಾತಾಡಲಿಲ್ಲ.

ಡಾಕ್ಟರು ಟಾರ್ಚ್ ಹಾಕಿ ನೋಡಿದರು. ಇಕ್ಕಳ ತೆಗೆಯುತ್ತಾರೆ ಅಂದುಕೊಂಡಿದ್ದೆ. ಅವರು ಅಮ್ಮನನ್ನು ಕರೆದು, ಖಾಲಿ ಇರುವ ಹೊಳ್ಳೆಯನ್ನು ಬೆರಳಿನಿಂದ ಒತ್ತಿ ಮುಚ್ಚಿ, ಮಗುವಿನ ಬಾಯಿಗೆ ಬಾಯಿ ಇಟ್ಟು ಒಂದೇ ಸಲ ಗಟ್ಟಿಯಾಗಿ ಊದಲು ಹೇಳಿದರು. ಮೊದಲ ಸಲ ಹುಡುಗ ನಕ್ಕುಬಿಟ್ಟ. ಎರಡನೇ ಸಲ ಬೀಜ ಸಿಂಬಳದ ಸಮೇತ ಅಮ್ಮನ ಕೆನ್ನೆಗೆ ಬಂದು ಅಂಟಿತು. ಆಕೆ ಕೆನ್ನೆ ಒರೆಸಿಕೊಂಡು, ಮಗನ ಬೆನ್ನಿಗೆ ಒಂದು ಕೊಟ್ಟು, ಅವನನ್ನು ತಬ್ಬಿಕೊಂಡು ಅತ್ತರು. ಎಲ್ಲರಿಗೂ ಇಷ್ಟು ಸುಲಭದಲ್ಲಿ ಬರುವುದಿಲ್ಲ, ಬರದಿದ್ದರೆ ತುಮಕೂರಿಗೆ ಕಳಿಸಬೇಕಾಗುತ್ತಿತ್ತು ಅಂದರು ಡಾಕ್ಟರು. ಮೂರು ವರ್ಷದವರ ಬಾಯಿಗೆ ಹೋಗಿ ಉಸಿರಿನ ದಾರಿಗೆ ಸಿಕ್ಕಿಕೊಂಡಿದ್ದರೆ ಏನು ಗತಿ ಅಂತ ಅವರು ಕೇಳಲಿಲ್ಲ. ರಾತ್ರಿ ನಿದ್ದೆ ಬರದೆ ನಾನೇ ಕೇಳಿಕೊಂಡೆ.

ಮಾರನೇ ದಿನ ಹಗ್ಗದಲ್ಲಿ ಯಾರೂ ಇಲ್ಲ. ಶನಿವಾರವೂ ಇಲ್ಲ.

ಹತ್ತು ಕೊಟ್ಟೆ, ಹತ್ತು ಕೊಡು

ಮಕ್ಕಳನ್ನು ವಾಪಸ್ ತಂದದ್ದು ನಾನಲ್ಲ, ಟೀಚರೂ ಅಲ್ಲ. "ಅಲ್ಲೋಗಿ ಏನ್ ಮಾಡ್ತವೆ" ಅಂದಿದ್ದ ಅಜ್ಜಿ.

ಸೋಮವಾರ ನಾವಿಬ್ಬರೂ ಕಣಕ್ಕೆ ಹೋಗಿ ತಪ್ಪಾಯಿತು ಅಂದೆವು. ಹುಡುಗನ ಅಮ್ಮ ತಲೆ ಎತ್ತಲಿಲ್ಲ. ಅಜ್ಜಿ ಮಾತ್ರ ಸುತ್ತಿಗೆ ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ ನಾಲ್ಕು ಬೀಜ ತೆಗೆದರು. ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ದ ಬೀಜ. ಚೌಕಾಬಾರದ್ದು. "ನಾನು ಎಷ್ಟ್ ವರ್ಸದಿಂದ ಇಟ್ಕಂಡಿದೀನಿ ಗೊತ್ತಾ? ಒಂದೂ ಕಳ್ದಿಲ್ಲ. ಯಾಕೆ? ನಾಕೇ ಇರದು. ಹಿಡಿ ಹಿಡಿ ಕೊಟ್ರೆ ಯಾವ ಮಗಾ ಲೆಕ್ಕ ಇಡ್ತದೆ?"

ಆಮೇಲೆ ಇನ್ನೊಂದು ವಿಷಯ ಹೇಳಿದರು. ಬೀಜ ಅವರದ್ದಲ್ಲ, ಗುತ್ತಿಗೆದಾರನದ್ದು. ಹುಣಸೆ ಬೀಜದ ಪುಡಿ ಬಟ್ಟೆ ಗಿರಣಿಯಲ್ಲಿ ನೂಲಿಗೆ ಗಂಜಿ ಹಾಕಲು ಹೋಗುತ್ತದೆ, ಹಾಗಾಗಿ ಬೀಜಕ್ಕೂ ರೇಟಿದೆ. ತಗೊಂಡರೆ ವಾಪಸ್ ಕೊಡಬೇಕು.

ಅಲ್ಲಿಂದ ಹುಟ್ಟಿದ ನಿಯಮ ತುಂಬಾ ಸಣ್ಣದು. ನಾಲ್ಕು ವರ್ಷದೊಳಗಿನವರಿಗೆ ಬೀಜ ಇಲ್ಲವೇ ಇಲ್ಲ. ಓಡು ಸಮೇತ ಇಡೀ ಹುಣಸೆಕಾಯಿ, ಬೆರಳುದ್ದದ್ದು. ದೊಡ್ಡವರಿಗೆ ಬೀಜ, ಆದರೆ ಮೂವರಿಗೆ ಒಂದು ತಟ್ಟೆ, ತಟ್ಟೆಗೆ ಹತ್ತು. ಕೊಡುವಾಗ ಟೀಚರ್ ಎಣಿಸಿ ಕೊಡುವುದು, ತಗೊಳ್ಳುವಾಗ ಮಗು ಎಣಿಸಿ ಕೊಡುವುದು.

ಇದು ಹುಟ್ಟಿದ್ದು ಬರೀ ಭಯಕ್ಕೆ. ಆದರೆ ಒಂದು ವಾರದಲ್ಲಿ ಅದೇ ನಮ್ಮ ಗಣಿತ ಆಯಿತು. ಮೊದಲೂ ಮಕ್ಕಳು ಒಂದರಿಂದ ಇಪ್ಪತ್ತರವರೆಗೆ ರಾಗವಾಗಿ ಹೇಳುತ್ತಿದ್ದರು. ಆದರೆ ಬಾಯಿ ಏಳಕ್ಕೆ ಹೋದಾಗ ಬೆರಳು ಐದರ ಮೇಲೇ ಇರುತ್ತಿತ್ತು. ಈಗ ಪ್ರತಿ ಬೀಜವನ್ನೂ ಎತ್ತಿ ಆಚೆ ಇಟ್ಟು ಒಂದು ಸಂಖ್ಯೆ ಹೇಳಬೇಕು. ತಪ್ಪಿದರೆ ಲೆಕ್ಕ ತಾಳೆ ಆಗುವುದಿಲ್ಲ, ತಾಳೆ ಆಗದಿದ್ದರೆ ಊಟಕ್ಕೆ ಏಳುವ ಹಾಗಿಲ್ಲ. ಒಂದು ದಿನ ಒಬ್ಬ ಎಂಟು ಕೊಟ್ಟು ನಿಂತ. ಟೀಚರ್ "ಇನ್ನೆಷ್ಟು?" ಅಂದರು. ಅವನು ತಟ್ಟೆ ನೋಡಿದ, ಎರಡು ಬೆರಳು ಎತ್ತಿದ, ಆಮೇಲೆ ಚಾಪೆ ಕೆಳಗೆ ಕೈ ಹಾಕಿದ. ಕಳೆಯುವ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ.

ಅಜ್ಜಿ ವಾರಕ್ಕೆ ಎರಡು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗನವಾಡಿಗೇ ಬಂದು ನೆಲದ ಮೇಲೆ ಚೌಕಾಬಾರ ಬರೆದರು. ನಾಲ್ಕೂ ಬಿಳಿ ಮೇಲೆ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಆಟದ ದಾರಿ ಐದು ವರ್ಷದವರಿಗೂ ಕಷ್ಟ, ಅದು ಹತ್ತಲಿಲ್ಲ. ಬೀಜ ಹಾಕಿ ಬಿಳಿ ಎಣಿಸುವುದಷ್ಟೇ ಅವರಿಗೆ ಆಟ. ಅಜ್ಜಿಗೆ ಅದು ಇಷ್ಟವಾಗಲಿಲ್ಲ. "ಪೂರ್ತಿ ಆಡ್ರೋ" ಅಂತ ಬೈಯುತ್ತಲೇ ಇದ್ದರು.

ಬೇವು ಬೆಲ್ಲದ ಜಗಳ

ಆ ವರ್ಷ ಯುಗಾದಿ ಮಾರ್ಚ್ 30, ಭಾನುವಾರ. ಹಾಗಾಗಿ ಶನಿವಾರ ಅಂಗನವಾಡಿಯಲ್ಲಿ ಬೇವು ಬೆಲ್ಲ ಮಾಡುವುದು ಅಂತ ಮಾತಾಯಿತು. ಬೆಳಿಗ್ಗೆ ಹಗ್ಗ ಹಿಡಿದು ಹೊರಟ ರೈಲು ಬೇವಿನ ಮರದ ಕೆಳಗೆ ನಿಂತಿತು. ಬೇವು ಹೂ ಬಿಟ್ಟಿತ್ತು, ಜೇನು ಗುಂಯ್ ಅನ್ನುತ್ತಿತ್ತು. ಎಲ್ಲೋ ಕೋಗಿಲೆ ಕೂಗಿದರೆ ಹದಿನಾರು ಮಕ್ಕಳೂ ತಿರುಗಿ ಕೂಗುವುದು, ಅದು ಇನ್ನೂ ಜೋರಾಗಿ ಕೂಗುವುದು. ಹತ್ತು ನಿಮಿಷ ಇದೇ ಕೆಲಸ. ಟೀಚರ್ ತಡೆಯಲಿಲ್ಲ. ಹೂ ಮುಟ್ಟಿದವರ ಬೆರಳು ಬಾಯಿಗೆ ಹೋಗಿ ಮುಖ ಕಿವುಚಿತು.

ಚಾಪೆ ಮೇಲೆ ಬಟ್ಟಲು ಇಟ್ಟು ಬೇವಿನ ಹೂ, ಕುಟ್ಟಿದ ಬೆಲ್ಲ, ಹುರಿಗಡಲೆ ಹಾಕಿದೆವು. ಟೀಚರ್ ಕಲೆಸಲು ಕೈ ಇಟ್ಟಾಗ ಹಿಂದಿನಿಂದ ಒಂದು ದನಿ.

"ಚಿಂತಪಂಡು."

ಪುಟ್ಟಿ ಎದ್ದು ನಿಂತಿದ್ದಳು. ಟೀಚರ್ ಈ ಸಲ ತಬ್ಬಿಕೊಳ್ಳಲಿಲ್ಲ. "ಚಿಂತಪಂಡು ಬೇಕಾ? ಇದಕ್ಕೆ ಹಾಕ್ಬೇಕಾ?" ಅಂತ ಕೇಳಿದರು.

"ಮಾ ಇಂಟ್ಲೋ ಯೇಸ್ತಾರು." ನಮ್ಮ ಮನೇಲಿ ಹಾಕ್ತಾರೆ.

ತೆಲುಗು ಮನೆಗಳಲ್ಲಿ ಯುಗಾದಿಗೆ ಪಚ್ಚಡಿ. ಹೊಸ ಹುಣಸೆ, ಮಾವಿನಕಾಯಿ, ಬೇವಿನ ಹೂ, ಬೆಲ್ಲ, ಉಪ್ಪು, ಖಾರ. ಕನ್ನಡ ಮನೆಯ ಮಕ್ಕಳು ಒಪ್ಪಲಿಲ್ಲ. "ಹುಣ್ಸೆಹಣ್ಣು ಹಾಕಿದ್ರೆ ಸಾರಾಗುತ್ತೆ" ಅಂದ ಒಬ್ಬ. ಇನ್ನೂ ಮೂವರು ಪುಟ್ಟಿಯ ಕಡೆ ಸೇರಿದರು. ಅವರ ಮನೆಯಲ್ಲೂ ತೆಲುಗು ಅನ್ನುವುದು ನಮಗೆ ಅಂದೇ ಗೊತ್ತಾದದ್ದು. ಜಗಳ ಜೋರಾಯಿತು, ಅರ್ಧ ಕನ್ನಡ, ಅರ್ಧ ತೆಲುಗು. ಸಹಾಯಕಿ ಒಳಗಿಂದ ಇನ್ನೊಂದು ಬಟ್ಟಲು ತಂದರು. ಒಂದರಲ್ಲಿ ಬೇವು ಬೆಲ್ಲ, ಒಂದರಲ್ಲಿ ಪಚ್ಚಡಿ, ಖಾರ ಬಿಟ್ಟು. ಎಲ್ಲರೂ ಎರಡನ್ನೂ ನೆಕ್ಕಿದರು. ಪಚ್ಚಡಿ ಮೊದಲು ಖಾಲಿಯಾಯಿತು. ಸಾರು ಅಂದಿದ್ದವನು ಎರಡು ಸಲ ಕೇಳಿ ಹಾಕಿಸಿಕೊಂಡ.

ಪುಟ್ಟಿ ಆಮೇಲೆ ಮಾತಿನ ಮಲ್ಲಿ ಆದಳು ಅಂತೇನಲ್ಲ. ಏಪ್ರಿಲ್ ಮಧ್ಯದವರೆಗೆ ನಾನು ಕೇಳಿಸಿಕೊಂಡ ಮಟ್ಟಿಗೆ ಅವಳ ಕನ್ನಡ ಹತ್ತಿಪ್ಪತ್ತು ಪದ. 'ಬೇಡ' ಅನ್ನುವುದು ಅದರಲ್ಲಿ ಅತಿ ಹೆಚ್ಚು. ಆದರೆ ಟೀಚರ್ ಪುಸ್ತಕದಲ್ಲಿ 'ಮಾತು ನಿಧಾನ' ಅನ್ನುವುದಕ್ಕೆ ಗೆರೆ ಎಳೆದು 'ಮನೆಮಾತು ತೆಲುಗು' ಅಂತ ಬರೆದರು. ಗೋಡೆಯ ಮೇಲಿನ ಚಿತ್ರಗಳಿಗೆ ಇಬ್ಬರೂ ಸೇರಿ ಎರಡು ಹೆಸರು ಇಟ್ಟುಕೊಂಡರು. ಹುಣಸೆ, ಚಿಂತ. ಬೇವು, ವೇಪ. ಟೀಚರಿಗೆ ತೆಲುಗು ಬರುತ್ತಿತ್ತು, ತರಗತಿಯಲ್ಲಿ ಆಡಬಾರದು ಅಂದುಕೊಂಡಿದ್ದರಂತೆ.

ಆದದ್ದು, ಆಗದೇ ಉಳಿದದ್ದು

ಹಬ್ಬದ ಮಾರನೇ ದಿನ ಹೊಸತೊಡಕು. ಸೋಮವಾರ ಹೇಗೂ ರಂಜಾನ್ ರಜೆ. ಮಂಗಳವಾರ ಬಂದವರು ಆರು ಜನ, ಅವರಿಗೂ ಹಿಂದಿನ ದಿನದ ಬಾಡೂಟದ ತೂಕಡಿಕೆ. ಬುಧವಾರದಿಂದ ಮತ್ತೆ ಹದಿನಾರು, ಹದಿನೇಳು. ಏಪ್ರಿಲ್ 10ರ ಹೊತ್ತಿಗೆ ದೊಡ್ಡ ಶಾಲೆಗೆ ಬೇಸಿಗೆ ರಜೆ ಬಂತು, ಅಕ್ಕಂದಿರು ಕೈಗೆ ಸಿಕ್ಕರು, ಹಗ್ಗದ ಅಗತ್ಯ ಕಡಿಮೆಯಾಯಿತು. ಆದರೂ ಮಕ್ಕಳು ಹಗ್ಗ ಬಿಡಲಿಲ್ಲ.

ಇಪ್ಪತ್ಮೂರರಲ್ಲಿ ಇಬ್ಬರು ಬರಲೇ ಇಲ್ಲ. ಅವರ ಮನೆಯವರು ಕೂಲಿಗೆ ಬೆಂಗಳೂರಿಗೆ ಹೋಗಿದ್ದರು, ನಮ್ಮ ಹಗ್ಗ ಅಷ್ಟುದ್ದ ಇರಲಿಲ್ಲ. ಮತ್ತೊಬ್ಬಳ ಅಜ್ಜಿ ಕೊನೆಯವರೆಗೂ ಒಪ್ಪಲಿಲ್ಲ, ಮೂಗಿನ ಸುದ್ದಿ ಕೇಳಿದ ಮೇಲೆ ಅವರನ್ನು ಒತ್ತಾಯ ಮಾಡುವ ಮುಖ ನನಗಿರಲಿಲ್ಲ. ಸಹಾಯಕಿಯ ಸಂಜೆ ನಡಿಗೆಗೆ ಏನಾದರೂ ಕೊಡಿಸಬೇಕು ಅಂತ ಪಂಚಾಯಿತಿಯಲ್ಲಿ ಕೇಳಿದೆವು. ನೋಡೋಣ ಅಂದರು. ನೋಡುತ್ತಲೇ ಇದ್ದಾರೆ.

ಇದೇ ಉಪಾಯ ಬೇರೆ ಊರಿಗೆ ಹಾಗೇ ಎತ್ತಿ ಇಡಲು ಬರುವುದಿಲ್ಲ. ಶಿಡ್ಲಘಟ್ಟದ ಕಡೆ ಆದರೆ ರೇಷ್ಮೆ ಹುಳುವಿನ ಮನೆ, ಶ್ರೀನಿವಾಸಪುರದಲ್ಲಿ ಮಾವಿನ ತೋಪು. ಅಲ್ಲಿ ಮಕ್ಕಳನ್ನು ಕರೆತರುವ ಅಕ್ಕ ಯಾರು, ಅವಳಿಗೆ ಯಾವಾಗ ಬಿಡುವಿಲ್ಲ ಅಂತ ಕೇಳಬೇಕು. ನಾವು ಆ ಪ್ರಶ್ನೆ ಕೇಳಲು ಹದಿನೈದು ದಿನ ತಗೊಂಡೆವು.

ಇನ್ನು ಆ ಹುಡುಗನ ಅಮ್ಮ. ಬೀಜ ಕೆನ್ನೆಗೆ ಅಂಟಿದಾಕೆ. ಯುಗಾದಿ ಆದ ಮೇಲೆ ಒಂದು ದಿನ ಕಣದಲ್ಲಿ ನನ್ನ ಕೈಗೆ ಎಲೆಯಲ್ಲಿ ಸುತ್ತಿದ ಪೊಟ್ಟಣ ಕೊಟ್ಟರು. ಹೊಸ ಹುಣಸೆ, ಬೆಲ್ಲ, ಜೀರಿಗೆ, ಉಪ್ಪು, ಮೆಣಸಿನಕಾಯಿ ಕುಟ್ಟಿ ಕಡ್ಡಿಗೆ ಮೆತ್ತಿದ ಚಿಗಳಿ. "ಬೀಜ ತೆಗ್ದಿದೀನಿ" ಅಂದರು, ಮುಖ ನೋಡದೆ.

ಆ ವಾರ ಒಂದು ತಟ್ಟೆಯಲ್ಲಿ ಒಂಬತ್ತೇ ಬೀಜ ವಾಪಸ್ ಬಂತು. ಚಾಪೆ ಕೊಡವಿದೆವು, ಜೇಬು ನೋಡಿದೆವು. ಇಲ್ಲ. ಟೀಚರ್ ಮೊಬೈಲ್ ಟಾರ್ಚ್ ಹಾಕಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಲೆ ಹಿಂದಕ್ಕೆ ಬಾಗಿಸಿ, ಒಬ್ಬೊಬ್ಬರ ಮೂಗನ್ನೇ ಪರೀಕ್ಷೆ ಮಾಡಿದರು. ಕೊನೆಗೆ ಬೀಜ ಸಿಕ್ಕಿದ್ದು ಟೀಚರ್ ಚಪ್ಪಲಿಯ ತಳದಲ್ಲಿ, ಹುಣಸೆಯ ಅಂಟಿಗೆ ಕಚ್ಚಿಕೊಂಡಿತ್ತು. ಮಕ್ಕಳಿಗೆ ಬೀಜ ಸಿಕ್ಕಿದ್ದು ಮರೆತುಹೋಯಿತು, ಟಾರ್ಚು ಮಾತ್ರ ಮರೆಯಲಿಲ್ಲ. ಈಗ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವುದೇ ತಡ, ಹದಿನೇಳು ಮಂದಿ ಓಡಿ ಬಂದು ಸಾಲಾಗಿ ನಿಂತು, ತಲೆ ಹಿಂದಕ್ಕೆ ಹಾಕಿ ಮೂಗು ತೋರಿಸುತ್ತಾರೆ. ಸಾಲಿನ ಮೊದಲಲ್ಲಿ ಪುಟ್ಟಿ.